ಕ್ಯಾಮೆರಾ ಜಾಲ: ಎಂಜಿನಿಯರರಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕರು: ಹಲವು ಕ್ಯಾಮೆರಾಗಳನ್ನು ಒಂದೇ ಜಾಲಕ್ಕೆ ಜೋಡಿಸಿ ಜನರ ಓಡಾಟವನ್ನು ಗುರುತಿಸುವ ವ್ಯವಸ್ಥೆಗಳ ಬಗ್ಗೆ ಇಂದು ರಾತ್ರಿ 9ರವರೆಗೆ ಪ್ರಶ್ನೆ ಕೇಳಬಹುದು.

ತುಮಕೂರಿನ ಸದಸ್ಯರು: ಸರ್, ಕಲ್ಯಾಣ ಮಂಟಪಕ್ಕೆ 16 ಕ್ಯಾಮೆರಾ ಹಾಕಿಸುತ್ತಿದ್ದೇವೆ. 30 ದಿನಗಳ ದೃಶ್ಯ ಉಳಿಯಲು ಎಷ್ಟು ದೊಡ್ಡ ಹಾರ್ಡ್ ಡಿಸ್ಕ್ ಬೇಕು?

ಎಂಜಿನಿಯರ್: ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳುಹಿಸಿದರೆ ದಿನಕ್ಕೆ ಸುಮಾರು 43 ಜಿಬಿ ಆಗುತ್ತದೆ. ನಿಮ್ಮ ಲೆಕ್ಕಕ್ಕೆ 21 ಟಿಬಿ ಹತ್ತಿರ ಬೇಕು. ಅಂಗಡಿಯವರು 4 ಟಿಬಿ ಸಾಕೆಂದರೆ ಬಿಟ್‌ರೇಟ್, ಅಂದರೆ ಕ್ಯಾಮೆರಾ ಸೆಕೆಂಡಿಗೆ ಕಳುಹಿಸುವ ಮಾಹಿತಿಯ ಪ್ರಮಾಣ, ಎಷ್ಟು ಇಳಿಸಿದ್ದಾರೆಂದು ಕೇಳಿ.

ಮೈಸೂರಿನ ಸದಸ್ಯೆ: ನಮ್ಮ ವೃದ್ಧಾಶ್ರಮದಲ್ಲಿ ಮರೆವಿನ ಕಾಯಿಲೆಯ ಹಿರಿಯರು ರಾತ್ರಿ ಎದ್ದು ಹೊರಟರೆ ಎಚ್ಚರಿಸಲೆಂದು 12 ಕ್ಯಾಮೆರಾ ಹಾಕಿದ್ದೇವೆ. ತಂತ್ರಾಂಶವು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಹಿಂಬಾಲಿಸುತ್ತದೆ. ಊಟದ ಮನೆಯ ತಿರುವಿನಲ್ಲಿ ಮಾತ್ರ ಇಬ್ಬರ ಸಂಖ್ಯೆ ಅದಲುಬದಲಾಗುತ್ತಿದೆ. ಮೊನ್ನೆ ಒಬ್ಬ ಅಜ್ಜ ಗೇಟಿನವರೆಗೆ ಹೋಗಿದ್ದರೂ ಪರದೆಯಲ್ಲಿ ಹಜಾರದ ಕುರ್ಚಿಯಲ್ಲೇ ಕುಳಿತಂತೆ ಕಾಣುತ್ತಿತ್ತು.

ಎಂಜಿನಿಯರ್: ಮೊದಲು ಗೇಟಿಗೆ, ತೆರೆದ ಕೂಡಲೇ ಬಾರಿಸುವ ಒಂದು ಗಂಟೆ ಹಾಕಿಸಿ. ಆಮೇಲೆ ಆ ತಿರುವಿನ ಎರಡೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸುತ್ತದೆಯೇ ನೋಡಿ ತಿಳಿಸಿ.

ಮೈಸೂರಿನ ಸದಸ್ಯೆ: ನೋಡಿದೆ ಸರ್. ಹಜಾರದ್ದು 3 ಸೆಕೆಂಡು ಮುಂದಿದೆ.

ಎಂಜಿನಿಯರ್: ನನಗೂ ಅದೇ ಅನುಮಾನವಿತ್ತು. ಹಜಾರದಿಂದ ಊಟದ ಮನೆಗೆ ಬಂದವರು ಇನ್ನೂ ಹಜಾರದಲ್ಲೇ ಇದ್ದಾರೆಂದು ಆ ಕ್ಯಾಮೆರಾ ಹೇಳುವುದರಿಂದ, ಒಬ್ಬರೇ ಎರಡು ಕಡೆ ಇರಲಾರರೆಂದು ತಂತ್ರಾಂಶವು ಹೊಸಬರಿಗೆ ಪಕ್ಕದಲ್ಲಿದ್ದ ಇನ್ನೊಬ್ಬರ ಸಂಖ್ಯೆಯನ್ನು ಅಂಟಿಸಿಬಿಡುತ್ತದೆ. ರೆಕಾರ್ಡರನ್ನೇ ಎನ್‌ಟಿಪಿ (ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ) ಸಮಯದ ಮೂಲವಾಗಿಸಿ, 12 ಕ್ಯಾಮೆರಾಗಳೂ ಅದರಿಂದಲೇ ಸಮಯ ಪಡೆಯುವಂತೆ ಮಾಡಿ. ಇನ್ನು ಬಟ್ಟೆಯ ಬಣ್ಣವನ್ನು ನಂಬಬೇಡಿ. ಅಜ್ಜಂದಿರೆಲ್ಲ ಬಿಳಿ ಪಂಚೆ ಉಟ್ಟಿರುತ್ತಾರೆ, ಸಾಲದ್ದಕ್ಕೆ ರಾತ್ರಿ ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರವೇ ಕಪ್ಪುಬಿಳುಪಾಗುತ್ತದೆ. ಎರಡೂ ಕ್ಯಾಮೆರಾಗಳಿಗೆ ಕಾಣುವ ನೆಲದ ಮೇಲೆ, ಯಾವ ಮೂರೂ ಒಂದೇ ಗೆರೆಯಲ್ಲಿ ಬೀಳದ ಹಾಗೆ ಕನಿಷ್ಠ ನಾಲ್ಕು ಗುರುತು ಹಾಕಿ, ಅಳೆದು, ಆ ಅಳತೆಯನ್ನು ತಂತ್ರಾಂಶಕ್ಕೆ ಕೊಟ್ಟರೆ, ವ್ಯಕ್ತಿಯ ಪಾದ ಇರುವ ಜಾಗವನ್ನು ಎರಡೂ ಕ್ಯಾಮೆರಾಗಳು ಒಂದೇ ನಕ್ಷೆಯಲ್ಲಿ ತೋರಿಸುತ್ತವೆ. ಊಟದ ಮೇಜು ಪಾದವನ್ನು ಮರೆಮಾಡಿದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ.

ಧಾರವಾಡದ ಸದಸ್ಯೆ: ಹೀಗೆ ಹಿಂಬಾಲಿಸಲು ಆ ಹಿರಿಯರ ಒಪ್ಪಿಗೆ ಕೇಳಿದ್ದೀರಾ?

ಮೈಸೂರಿನ ಸದಸ್ಯೆ: ಮಕ್ಕಳು ಸಹಿ ಹಾಕಿದ್ದಾರೆ.

ಧಾರವಾಡದ ಸದಸ್ಯೆ: ಮಕ್ಕಳ ಸಹಿ ಹೆತ್ತವರ ಒಪ್ಪಿಗೆ ಹೇಗಾಗುತ್ತದೆ? ಎಲ್ಲರಿಗೂ ಮರೆವು ಇರುವುದಿಲ್ಲವಲ್ಲ.

ಉಡುಪಿಯ ಸದಸ್ಯರು: ಬಿದ್ದು ಸೊಂಟ ಮುರಿದ ಮೇಲೆ ನಿಮ್ಮ ಒಪ್ಪಿಗೆ ಪತ್ರವನ್ನು ಉಪ್ಪಿನಕಾಯಿ ಹಾಕಬೇಕೇ?

ಧಾರವಾಡದ ಸದಸ್ಯೆ: ನಿಮ್ಮ ತಾಯಿಯ ಕೋಣೆಯಲ್ಲಿ ಮೊದಲು ಕ್ಯಾಮೆರಾ ಹಾಕಿಸಿ, ಆಮೇಲೆ ಮಾತನಾಡಿ.

ಎಂಜಿನಿಯರ್: ಮಲಗುವ ಕೋಣೆಗೂ ಬಚ್ಚಲಿಗೂ ನಾನು ಕ್ಯಾಮೆರಾ ಹಾಕುವುದಿಲ್ಲ. ತಿಳಿದು ಹೇಳಬಲ್ಲವರನ್ನು ಕೇಳಲೇಬೇಕು. ಜಗಳವನ್ನು ಬೇರೆ ಕಡೆ ಮಾಡಿಕೊಳ್ಳಿ.

ಶಿರಸಿಯ ಸದಸ್ಯರು: ಅಡಿಕೆ ತೋಟದಲ್ಲಿ ಕಳ್ಳರನ್ನು ಹಿಡಿಯಲು ಸೋಲಾರ್ ಕ್ಯಾಮೆರಾ ಮಳೆಗಾಲದಲ್ಲಿ ಕೆಲಸ ಮಾಡುತ್ತದೆಯೇ?

ಹಾಸನದ ಸದಸ್ಯರು: ಕ್ಯಾಮೆರಾದ ಗುಮ್ಮಟ ಮಬ್ಬಾದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಕನ್ನಡಿಯಂತಾಗುತ್ತದೆ ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕಿದ್ದೇನೆ.

ಎಂಜಿನಿಯರ್: ದಯವಿಟ್ಟು ಅಳಿಸಿ. ಗುಮ್ಮಟ ಪ್ಲಾಸ್ಟಿಕ್ಕಿನದಾದ್ದರಿಂದ ಪೇಸ್ಟ್ ಅದರ ಮೇಲೆ ಗೀರು ಮೂಡಿಸುತ್ತದೆ. ರಾತ್ರಿ ಇನ್‌ಫ್ರಾರೆಡ್ ಬೆಳಕು ಆ ಗೀರುಗಳಿಗೆ ತಾಗಿ ಚದುರಿ, ಇಡೀ ಚಿತ್ರ ಬೆಳ್ಳಗಾಗುತ್ತದೆ. ಮೆದುವಾದ ಒದ್ದೆ ಬಟ್ಟೆ ಸಾಕು.

ಹಾಸನದ ಸದಸ್ಯರು: ಇನ್ನೊಂದು: ಪೋರ್ಟ್ ಸಂಖ್ಯೆ (ಜಾಲದಿಂದ ಕ್ಯಾಮೆರಾ ಒಳಗೆ ಹೋಗುವ ಬಾಗಿಲಿನ ಸಂಖ್ಯೆ) ಬದಲಿಸಿದರೆ ಪಾಸ್‌ವರ್ಡ್ ಬದಲಿಸಬೇಕಿಲ್ಲವಂತೆ.

ಎಂಜಿನಿಯರ್: ಸ್ವಾಮಿ, 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೆಕಾರ್ಡರುಗಳಿಗೆ ನುಗ್ಗಿ ಅವುಗಳನ್ನೇ ದಾಳಿಗೆ ಬಳಸಿತು. ಪಾಸ್‌ವರ್ಡ್ ಬದಲಿಸಿ. ಇಂಥ ಸಂದೇಶಗಳನ್ನು ಇಲ್ಲಿಗೆ ತರಬೇಡಿ.

ಕೋಲಾರದ ಸದಸ್ಯರು: ಸರ್, 30 ದಿನಕ್ಕೆ ಎಷ್ಟು ಟಿಬಿ ಬೇಕು?

ಎಂಜಿನಿಯರ್: ಮೇಲೆ ಬರೆದಿದ್ದೇನೆ, ಓದಿ.

ಮೈಸೂರಿನ ಸದಸ್ಯೆ: ಸಮಯ ಸರಿಪಡಿಸಿದ ಮೇಲೆ ಸಂಜೆಯಿಂದ ಒಮ್ಮೆ ಮಾತ್ರ, ಅದೂ ಮೇಜಿನ ಬಳಿ, ಅದಲುಬದಲಾಯಿತು.

ಎಂಜಿನಿಯರ್: ಮೇಜನ್ನು ಸರಿಸಿ. ಗೇಟಿನ ಗಂಟೆ ಹಾಕಿಸಿದಿರಾ?

ಮೈಸೂರಿನ ಸದಸ್ಯೆ: ನಾಳೆ ಎಲೆಕ್ಟ್ರಿಷಿಯನ್ ಬರುತ್ತಾರೆ.

ಎಂಜಿನಿಯರ್: ಹಾಗಾದರೆ ಇಂದು ರಾತ್ರಿ ಗೇಟಿನ ಬಳಿ ಯಾರನ್ನಾದರೂ ಕೂರಿಸಿ.

ಶಿರಸಿಯ ಸದಸ್ಯರು: ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.