ಹಳೇ ಇಂಗ್ಲಿಷ್ ಚಮಚದ ಮುದ್ರೆ: ಬೆಳ್ಳಿಯೋ, ಲೇಪವೋ?

ಉಡುಪಿ_ಹಳೆಸಾಮಾನು:
ಇಲ್ಲಿನ ಹಳೇ ಮನೆಯೊಂದರ ಬಡಿಸುವ ಚಮಚ. ಹಿಡಿಯ ಹಿಂಬದಿ ಐದು ಮುದ್ರೆ: ನಡೆಯುವ ಸಿಂಹ, ಕಿರೀಟವಿಲ್ಲದ ಚಿರತೆಯ ತಲೆ, ಸಣ್ಣ ‘ಜಿ’, ರಾಜನ ತಲೆ, ಒಂದೇ ಚೌಕದಲ್ಲಿ ಮೇಲೆ ಡಬ್ಲ್ಯೂಇ, ಕೆಳಗೆ ಡಬ್ಲ್ಯೂಎಫ್. ಜೊತೆಗಿನ ಟೀ ಪಾಟಿನ ತಳದಲ್ಲಿ ಇ, ಪಿ, ಎನ್, ಎಸ್, ಒಂದೊಂದು ಅಕ್ಷರಕ್ಕೆ ಒಂದೊಂದು ಗುರಾಣಿ. ಅಂಗಡಿಯವರು “925 (ಸಾವಿರಕ್ಕೆ 925 ಪಾಲು ಬೆಳ್ಳಿ) ಅಂತ ಮುದ್ರೆ ಇಲ್ಲ, ಕರಗಿಸುವ ರೇಟು ಕೊಡ್ತೇವೆ” ಅಂತಾರೆ. ಸರಿಯಾ?

ಕುಡ್ಲದ_ಒರೆಗಲ್ಲು:
ಚಮಚ ಕೊಡಬೇಡಿ ಮಾರಾಯ್ರೇ. ಆ ಕಾಲದ ಇಂಗ್ಲೆಂಡಿನಲ್ಲಿ 925 ಅಂತ ಅಂಕಿ ಒತ್ತುತ್ತಿರಲಿಲ್ಲ, ಆ ಸಿಂಹವೇ 925. ಚಿರತೆ ಅಂದರೆ ಲಂಡನ್ (ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್).

ಇನ್ನು ವರ್ಷ. ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರು. ಲಂಡನ್ನಿನ ಅಕ್ಷರ ಸಾಲು ಜೆ ಬಿಟ್ಟು ಎ ಇಂದ ಯು ತನಕ, ಒಟ್ಟು 20. ಸಣ್ಣಕ್ಷರದ ಸಾಲು 1776ರಲ್ಲೂ ಶುರುವಾಗಿದೆ, 1816ರಲ್ಲೂ. ಹಾಗಾಗಿ ನಿಮ್ಮ ‘ಜಿ’ 1782 ಆಗಬಹುದು, 1822 ಆಗಬಹುದು. ರಾಜನ ತಲೆ ಸುಂಕ ಕಟ್ಟಿದ್ದಕ್ಕೆ ಗುರುತು, ಅದು ಬಂದದ್ದೇ 1784ರಲ್ಲಿ. ಚಿರತೆ ಕಿರೀಟ ಕಳಚಿದ್ದು 1821ರಲ್ಲಿ. ಅಲ್ಲಿಗೆ 1822 ಗಟ್ಟಿ. ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ, ಹಾಗಾಗಿ 1822-23 ಅಂತ ಬರೆದಿಡಿ.

ಮಾಡಿದವರು ವಿಲಿಯಂ ಈಲಿ ಮತ್ತು ವಿಲಿಯಂ ಫರ್ನ್, ಚಮಚ-ಫೋರ್ಕಿನ ಕೆಲಸದವರು. ಇದೇ ಮುದ್ರೆಯಲ್ಲಿ ಮೂರನೆಯದಾಗಿ ಡಬ್ಲ್ಯೂಸಿ ಕಂಡರೆ ವಿಲಿಯಂ ಚಾನರ್ ಜೊತೆಗಿದ್ದ 1808-14ರ ಮಾಲು.

ಮಲ್ಪೆ_ಬೆಳ್ಳಿ:
ಟೀ ಪಾಟಿನ ಆಸೆ ಬಿಡಿ. ಇಪಿಎನ್‌ಎಸ್ ಅಂದರೆ ನಿಕಲ್ ಸಿಲ್ವರ್ ಮೇಲೆ ವಿದ್ಯುತ್ ಲೇಪ. ಒಳಗಿರುವುದು ತಾಮ್ರ, ಸತು, ನಿಕಲ್. ಬೆಳ್ಳಿ ಹೆಸರಿಗೆ ಮಾತ್ರ. ಗುರಾಣಿ ಕೊಟ್ಟದ್ದೇ ಅಸಲಿ ಮುದ್ರೆಯ ಹಾಗೆ ಕಾಣಲಿ ಅಂತ. ಇಂಥದ್ದನ್ನು ಒರೆಗಲ್ಲಿಗೆ ಬರೇ ಮೇಲಿಂದ ತಿಕ್ಕಿದರೆ ಬೆಳ್ಳಿ ಅಂತಲೇ ಬರುತ್ತದೆ. ಲೇಪ ದಪ್ಪ ಇದ್ದರೆ ಎಕ್ಸ್‌ಆರ್‌ಎಫ್ (ಎಕ್ಸ್‌ರೇ ಬಿಟ್ಟು ಲೋಹ ಗುರುತಿಸುವ) ಯಂತ್ರವೂ ಮೋಸ ಹೋಗುತ್ತದೆ, ಅದು ಓದುವುದು ಮೇಲ್ಮೈಯನ್ನು. ಹಿಡಿ, ಅಂಚು ಸವೆದ ಕಡೆ ಮಂಕು ಹಳದಿ ಇಣುಕುತ್ತದಾ ನೋಡಿ.

ಚಮಚವನ್ನು ಪಾಲಿಶ್ ಚಕ್ರಕ್ಕೆ ಕೊಡಲೇಬೇಡಿ. ಹುಣಸೆಹಣ್ಣು, ವಿಭೂತಿಯಲ್ಲಿ ವರ್ಷಗಟ್ಟಲೆ ತಿಕ್ಕಿದರೂ ಮುದ್ರೆಯ ಅಂಚು ಸವೆದುಹೋಗುತ್ತದೆ. ಉಗುರುಬೆಚ್ಚಗಿನ ಸೋಪು ನೀರು, ಹತ್ತಿ ಬಟ್ಟೆ ಸಾಕು. ನಮ್ಮ ಕಡಲ ತೇವಕ್ಕೆ ಡಬ್ಬದೊಳಗೆ ನಾಲ್ಕು ಸೀಮೆಸುಣ್ಣದ ತುಂಡು ಹಾಕಿಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.

ಕಾರ್ಕಳ_ಚಿನಿವಾರ:
ಸವೆದ ಮುದ್ರೆ ಓದಲು: ಮೇಣದಬತ್ತಿಯ ಹೊಗೆಗೆ ಹಿಡಿದು ಮಸಿ ಕೂರಿಸಿ, ತಣಿದ ಮೇಲೆ ಸೆಲ್ಲೋಟೇಪ್ ಒತ್ತಿ ಎತ್ತಿ ಬಿಳಿ ಕಾಗದಕ್ಕೆ ಅಂಟಿಸಿ. 10 ಪಟ್ಟಿನ ಮಸೂರದಲ್ಲಿ ಗುರಾಣಿಯ ಆಕಾರವೂ ಸಿಗುತ್ತದೆ.

ಉಡುಪಿ_ಹಳೆಸಾಮಾನು:
ಉಪಕಾರ ಆಯ್ತು. ಅದೇ ಮನೆಯಲ್ಲಿ ಕಿರೀಟದ ವೀಣೆಯಂಥ ಮುದ್ರೆಯ ಫೋರ್ಕೂ ಇದೆ.

ಕುಡ್ಲದ_ಒರೆಗಲ್ಲು:
ಅದು ಹಾರ್ಪ್, ಐರ್ಲೆಂಡಿನ ಡಬ್ಲಿನ್ ಬೆಳ್ಳಿ. ಪಕ್ಕದಲ್ಲಿ ಕೂತ ಹೆಂಗಸಿನ ಮುದ್ರೆ ಇದ್ದರೆ ಅದು ಹೈಬರ್ನಿಯಾ, ಐರ್ಲೆಂಡಿನ ಸಂಕೇತ. ಅಲ್ಲಿ ರಾಜನ ತಲೆ ಶುರುವಾದದ್ದು 1807ರಲ್ಲಿ, ತಲೆ ಇಲ್ಲದಿದ್ದರೆ ಅದಕ್ಕೂ ಹಿಂದಿನದಿರಬಹುದು. ಆದರೆ ಫೋರ್ಕ್ ಅಂದಾಗ ಸ್ವಲ್ಪ ಜಾಗ್ರತೆ: ಹಳೇ ಚಮಚದ ಬಟ್ಟಲು ಬಡಿದು, ಕತ್ತರಿಸಿ ಫೋರ್ಕ್ ಮಾಡಿದ ಮಾಲು ಬೇಕಾದಷ್ಟಿದೆ. ಹಲ್ಲು ತೆಳ್ಳಗಿದೆಯಾ, ಮುದ್ರೆ ಎಳೆದಂತೆ ಉದ್ದವಾಗಿದೆಯಾ ನೋಡಿ ಫೋಟೋ ಹಾಕಿ. ಬೆಳಕು ಓರೆಯಾಗಿ ಬೀಳಲಿ, ಫ್ಲಾಶ್ ಬೇಡ.