ಕಾರ್ನಬಿಯೋ, ಬೋಡಿನೋ? ಬಿಳಿಬಾಲದ ಕರಿ ಕಾಕಟೂಗಳನ್ನು ಬೇರ್ಪಡಿಸುವ ಬಗೆ

ಪ್ರಶ್ನೆ: ಬೆಟ್ಟದಂಚು

ಪರ್ತ್ ನಗರದ ಪೂರ್ವಕ್ಕಿರುವ ಮಂಡಾರಿಂಗ್‌ನಲ್ಲಿ ವಾಸವಾಗಿದ್ದೇನೆ. ಮನೆಯ ಹಿಂದಿನ ಮ್ಯಾರಿ ಎಂಬ ನೀಲಗಿರಿ ಬಳಗದ ಮರಗಳಿಗೆ ಚಳಿಗಾಲದಲ್ಲಿ ಗಿಳಿಗಳ ಬಳಗದ ಬಿಳಿಬಾಲದ ಕರಿ ಕಾಕಟೂಗಳು ಬರುತ್ತವೆ. ಪಶ್ಚಿಮ ಆಸ್ಟ್ರೇಲಿಯದ ನೈಋತ್ಯ ಮೂಲೆಯನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ಕಾರ್ನಬಿ ಮತ್ತು ಬೋಡಿನ್ ಪ್ರಭೇದಗಳೆರಡಕ್ಕೂ ಕರಿಮೈ, ಬಾಲದಲ್ಲಿ ಬಿಳಿ ಪಟ್ಟಿ, ಕೆನ್ನೆಯಲ್ಲಿ ಬಿಳಿ ಮಚ್ಚೆ ಇರುವುದರಿಂದ ಯಾವುದು ಯಾವುದೆಂದು ನಿರ್ಧರಿಸಲಾಗುತ್ತಿಲ್ಲ. ಕೆಲವು ಹಕ್ಕಿಗಳ ಕೊಕ್ಕು ಕಪ್ಪಾಗಿಯೂ ಕೆಲವುಗಳದು ಮೂಳೆಯ ಬಣ್ಣದಲ್ಲಿಯೂ ಕಾಣುತ್ತದೆ. ಇದು ಪ್ರಭೇದದ ಗುರುತೇ?

ಉತ್ತರ 1: ದುರ್ಬೀನು

ಅಲ್ಲ, ಅದು ಗಂಡು ಹೆಣ್ಣಿನ ಗುರುತು. ಎರಡೂ ಪ್ರಭೇದಗಳಲ್ಲಿ ಬೆಳೆದ ಗಂಡಿಗೆ ಕಪ್ಪು ಕೊಕ್ಕು, ಕಣ್ಣಿನ ಸುತ್ತ ಗುಲಾಬಿ ಉಂಗುರ ಮತ್ತು ಮಾಸಲಾದ ಕೆನ್ನೆಮಚ್ಚೆ ಇರುತ್ತವೆ. ಹೆಣ್ಣಿಗೆ ತಿಳಿಬಣ್ಣದ ಕೊಕ್ಕು, ಬೂದು ಉಂಗುರ ಮತ್ತು ಹೆಚ್ಚು ಬೆಳ್ಳಗಿನ ಮಚ್ಚೆ ಇರುತ್ತವೆ. ಎಳೆಯ ಗಂಡುಗಳ ಕೊಕ್ಕೂ ಮೊದಲು ತಿಳಿಯಾಗಿದ್ದು ಆಮೇಲೆ ಕಪ್ಪಾಗುತ್ತದೆ.

ನೋಡಬೇಕಾದದ್ದು ಕೊಕ್ಕಿನ ಆಕಾರವನ್ನು. ಬೋಡಿನ್‌ನ ಮೇಲ್ಕೊಕ್ಕು ಸಪೂರವಾಗಿದ್ದು, ಅದರ ತುದಿ ಕೆಳಕೊಕ್ಕನ್ನು ದಾಟಿ ಬಹಳ ಕೆಳಗೆ ಇಳಿದಿರುತ್ತದೆ. ಕಾರ್ನಬಿಯ ಕೊಕ್ಕು ಗಿಡ್ಡ ಮತ್ತು ಅಗಲ. ಆದರೆ ಈ ವ್ಯತ್ಯಾಸ ಸರಿಯಾಗಿ ಕಾಣುವುದು ಹಕ್ಕಿ ಪಕ್ಕಕ್ಕೆ ತಿರುಗಿ ಕೂತಾಗ ಮಾತ್ರ. ಎದುರಿನಿಂದ ತೆಗೆದ ಚಿತ್ರದಿಂದ ತೀರ್ಮಾನಕ್ಕೆ ಬರುವುದು ಸಲ್ಲದು. ಕೆನ್ನೆಯ ಗರಿಗಳು ಕೆಳಕೊಕ್ಕಿನ ಮೇಲೆ ಉಬ್ಬಿಕೊಂಡು ಅಳತೆಯನ್ನೇ ಮರೆಮಾಡುತ್ತವೆ.

ಉತ್ತರ 2: ಕಾಡುಕಾಯಿ

ಹಕ್ಕಿಗಿಂತ ಅದು ಬೀಳಿಸಿದ ಕಾಯಿಯನ್ನು ನೋಡುವುದು ಎಷ್ಟೋ ಸಲ ಹೆಚ್ಚು ಫಲಕಾರಿ. ಮ್ಯಾರಿಯ ಕಾಯಿ ಗಟ್ಟಿಮರದ ಪುಟ್ಟ ಹೂಜಿಯಂತಿರುತ್ತದೆ. ಬೀಜ ಅದರ ತಳದಲ್ಲಿರುತ್ತದೆ. ಬೋಡಿನ್ ತನ್ನ ಉದ್ದನೆಯ ಮೇಲ್ಕೊಕ್ಕನ್ನು ಕಾಯಿಯ ಬಾಯಿಯೊಳಕ್ಕೆ ಇಳಿಸಿ ಬೀಜವನ್ನು ಎತ್ತಿ ತೆಗೆಯುವುದರಿಂದ ಅಂಚು ಬಹುಮಟ್ಟಿಗೆ ಕೆಡುವುದಿಲ್ಲ. ಹೊರಮೈಯಲ್ಲಿ ಕೆಳಕೊಕ್ಕು ಒತ್ತಿದ ಗುರುತು ಮಾತ್ರ ಉಳಿಯುತ್ತದೆ. ಬ್ಯಾಂಕ್ಸಿಯ, ಹೇಕಿಯ ಮತ್ತು ನೆಟ್ಟ ಪೈನ್ ಮರಗಳ ಕಾಯಿಗಳನ್ನು ಸೀಳಲು ಒಗ್ಗಿದ ಕಾರ್ನಬಿಯ ಕೊಕ್ಕಿಗೆ ಆ ಆಳ ಎಟುಕದ ಕಾರಣ ಅದು ಕಾಯಿಯ ಅಂಚನ್ನೇ ಕಚ್ಚಿ ಹರಿದು ಒಡ್ಡೊಡ್ಡಾಗಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಂಪು ನೆತ್ತಿಯ ಗಿಳಿಯೂ ನೀಳವಾದ ಮೇಲ್ಕೊಕ್ಕಿನಿಂದ ಇದೇ ರೀತಿ ಬೀಜ ತೆಗೆಯುತ್ತದೆ; ಅದರ ಗುರುತುಗಳು ಇನ್ನೂ ಸಣ್ಣವು, ನವಿರಾದವು. ಹಾಗಾಗಿ ಒಂದೇ ಕಾಯಿಯನ್ನು ನಂಬದೆ, ಹಿಂಡು ತಿನ್ನುತ್ತಿದ್ದಾಗ ಅದೇ ಮರದಡಿ ಬಿದ್ದ ಹಸಿ ಕಾಯಿಗಳನ್ನು ಸಾಕಷ್ಟು ಆರಿಸಿ ಪರಿಶೀಲಿಸಿ.

ಬೆಟ್ಟದಂಚು:

ಧನ್ಯವಾದಗಳು. ನಾನು ಆರಿಸಿದ ಕಾಯಿಗಳಲ್ಲಿ ಹೆಚ್ಚಿನವುಗಳ ಅಂಚು ಇಡಿಯಾಗಿಯೇ ಇದೆ. ಋತುವಿನಿಂದಲೂ ಏನಾದರೂ ತಿಳಿಯಬಹುದೇ?

ಉತ್ತರ 3: ಗೂಡುಪೊಟರೆ

ಸ್ವಲ್ಪಮಟ್ಟಿಗೆ ತಿಳಿಯಬಹುದು. ಕಾರ್ನಬಿಗಳು ಹೆಚ್ಚಾಗಿ ಒಳನಾಡಿನ ಗೋಧಿ ಸೀಮೆಯ ಸಾಮನ್ ಗಮ್ ಮತ್ತು ವಾಂಡೂ ಮರಗಳ ಪೊಟರೆಗಳಲ್ಲಿ ಮರಿ ಮಾಡಿ, ಬೇಸಗೆಯಲ್ಲಿ ಕರಾವಳಿಯ ಕಡೆಗೆ ಬರುತ್ತವೆ. ಚಳಿಗಾಲದ ನಡುವೆ ಗೂಡು ಕಟ್ಟುವ ಜೋಡಿಗಳು ಮರಳಿ ಒಳನಾಡಿಗೆ ಹೊರಡುತ್ತವೆ. ಬೋಡಿನ್‌ಗಳಾದರೋ ದಕ್ಷಿಣದ ತೇವದ ಕಾಡುಗಳಲ್ಲಿ ಮರಿ ಮಾಡಿ, ಶರತ್ಕಾಲ ಮತ್ತು ಚಳಿಗಾಲದಲ್ಲಿ ನಿಮ್ಮ ಬೆಟ್ಟಗಳವರೆಗೂ ಬರುತ್ತವೆ. ಆದರೆ ಜೋಡಿಯಾಗದ ಕಾರ್ನಬಿಗಳು ಒಳನಾಡಿಗೆ ಹೋಗದೆ ಈ ಕಡೆಯೇ ಉಳಿಯಬಹುದಾದ್ದರಿಂದ ಋತುವೊಂದನ್ನೇ ಸಾಕ್ಷಿಯಾಗಿ ಹಿಡಿಯಬೇಡಿ. ಕೂಗನ್ನೂ ಗಮನಿಸಿ: ಕಾರ್ನಬಿಯದು ಎಳೆದು ಹಾಡುವ ‘ವೀ-ಲೂ’, ಬೋಡಿನ್‌ನದು ಅದಕ್ಕಿಂತ ಮೊಟಕು. ಇಡಿ ಅಂಚಿನ ಕಾಯಿ, ಚಳಿಗಾಲ ಮತ್ತು ಮ್ಯಾರಿ ಮರ ಮೂರೂ ಕೂಡಿರುವಲ್ಲಿ ನನ್ನ ಒಲವು ಬೋಡಿನ್‌ ಕಡೆಗೆ.

ಇಷ್ಟು ಸೂಕ್ಷ್ಮವಾಗಿ ನೋಡಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇವೆರಡರ ವ್ಯತ್ಯಾಸವನ್ನು ನಿಸರ್ಗತಜ್ಞ ಐವಾನ್ ಕಾರ್ನಬಿ ವಿವರಿಸಿದ್ದು 1948ರಲ್ಲಿ, ಅದೂ ಈಗ ಅವರ ಹೆಸರು ಹೊತ್ತ ಹಕ್ಕಿಯನ್ನು ಬೋಡಿನ್‌ನ ಉಪಪ್ರಭೇದವೆಂದು ಕರೆದು. ಈಗ ಎರಡೂ ಅಪಾಯದಲ್ಲಿವೆ, ಆದರೆ ಅಪಾಯಗಳು ಒಂದೇ ಅಲ್ಲ: ಕಾರ್ನಬಿ ಗೋಧಿ ಹೊಲಗಳಿಗಾಗಿ ಕಡಿದ ಕಾಡನ್ನೂ ಪರ್ತ್ ಸುತ್ತಲಿನ ಬ್ಯಾಂಕ್ಸಿಯ ಬಯಲನ್ನೂ ಕಳೆದುಕೊಂಡಿದೆ, ಬೋಡಿನ್ ಸೇಬು, ಪೇರ್ ತೋಟಗಳಲ್ಲಿ ಕಾನೂನಿಗೆ ವಿರುದ್ಧವಾಗಿ ಗುಂಡಿಗೂ ಬಲಿಯಾಗುತ್ತಿದೆ. 2021ರಿಂದ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಬೋಡಿನ್ ‘ಅತಿ ಗಂಭೀರ ಅಪಾಯದಲ್ಲಿರುವ’ ಪ್ರಭೇದವಾಗಿದೆ. ಆದ್ದರಿಂದ ಕೊಕ್ಕೂ ಕಾಣದೆ ಕಾಯಿಯೂ ಸಿಗದೆ ಇದ್ದ ದಿನ ‘ಬಿಳಿಬಾಲದ ಕರಿ ಕಾಕಟೂ’ ಎಂದಷ್ಟೇ ದಾಖಲಿಸಿ, ಕಾಯಿಯ ಚಿತ್ರ ಸಿಕ್ಕರೆ ಅದನ್ನೂ ಜೊತೆಗೆ ಸೇರಿಸಿ.