ದವಾಖಾನೆಯಲ್ಲಿ ಪಾಳಿ ಬರುವ ತನಕ ಹೊತ್ತು ಕಳೆಯುವುದು ಹೇಗೆ?

ಗದಗಿನಿಂದ, ಕೇಳಿದವರು:

ಅವ್ವನಿಗೆ ಅರವತ್ತೆಂಟು ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲಿನಿಂದ ಇದ್ದವು. ಈಗ ಮೂತ್ರಪಿಂಡದ ತೊಂದರೆಯೂ ಸೇರಿದೆ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ಒಂಬತ್ತಕ್ಕೆ ನಂಬರಿನ ಚೀಟಿ ಸಿಗುತ್ತದೆ, ಡಾಕ್ಟರ ಮುಖ ಕಾಣುವುದು ಮಧ್ಯಾಹ್ನ ಒಂದಕ್ಕೆ. ಆ ನಾಲ್ಕು ತಾಸು ಅವ್ವ ಗೋಡೆ ನೋಡುತ್ತ ಕುಳಿತಿರುತ್ತಾಳೆ. ಪಕ್ಕದವರ ಕಾಯಿಲೆಯ ಕಥೆ ಕೇಳಿ ತನಗೂ ಅದೇ ಆಗಿದೆ ಎಂದು ಮುಖ ಸಣ್ಣದು ಮಾಡುತ್ತಾಳೆ. ನಾನು ಮೊಬೈಲ್ ತೆಗೆಯುತ್ತೇನೆ, ಸ್ವಲ್ಪ ಹೊತ್ತಿಗೆ ಅದೂ ಸಾಕಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ? ಅನುಭವ ಇದ್ದವರು ಹೇಳಿ.

ಧಾರವಾಡದ ಮಾಳಮಡ್ಡಿಯಿಂದ:

ತಂಗೀ, ನಮ್ಮ ಯಜಮಾನರಿಗೆ ಮೂರು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿದೆವು. ಒಂದೊಂದು ಸಲಕ್ಕೂ ನಾಲ್ಕು ತಾಸು. ಅವರು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಮೊದಲ ತಿಂಗಳು ನಾನೂ ಗೋಡೆಯನ್ನೇ ನೋಡಿದೆ. ಅಲ್ಲಿ ತೂಗುಹಾಕಿದ್ದ ಮೂತ್ರಪಿಂಡದ ಚಿತ್ರ ರಾತ್ರಿ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಎರಡನೇ ತಿಂಗಳು ಕೈಚೀಲದಲ್ಲಿ ಒಂದು ಸೂಜಿ, ನಾಲ್ಕು ಬಣ್ಣದ ದಾರ, ಒಂದು ತುಂಡು ಹತ್ತಿ ಬಟ್ಟೆ ಒಯ್ದೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಎಳೆ ಎಣಿಸುವ ಮನಸ್ಸಿಗೆ ಬೇರೆ ಏನನ್ನೂ ಎಣಿಸಲು ಬಿಡುವು ಸಿಗುವುದಿಲ್ಲ. ಮೂತ್ರಪಿಂಡದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಎಷ್ಟು ಏರಿತು, ಬಿಲ್ಲು ಎಷ್ಟಾಯಿತು, ಎರಡೂ ಅಷ್ಟು ಹೊತ್ತು ಬದಿಗೆ ಸರಿಯುತ್ತಿದ್ದವು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಹಾಕಿ ಒಂದು ಬಿಡುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಬರುತ್ತೇವೆ. ಬಟ್ಟೆ ತಿರುವಿದರೆ ಹಿಂದು ಮುಂದು ಒಂದೇ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು. ಒಳಗಿನಿಂದ ಕರೆದರೆ ಸೂಜಿಯನ್ನು ಬಟ್ಟೆಗೇ ಸಿಕ್ಕಿಸಿ ಎದ್ದರೆ ಆಯಿತು. ಓದುವ ಪುಸ್ತಕಕ್ಕೆ ಈ ಅನುಕೂಲ ಇಲ್ಲ, ಮನಸ್ಸು ಕದಡಿದಾಗ ಓದಿದ ಸಾಲನ್ನೇ ನಾಲ್ಕು ಸಲ ಓದುತ್ತೇವೆ.

ತುಳಸಿಕಟ್ಟೆಯ ಚಿತ್ತಾರದಿಂದ ಶುರು ಮಾಡಿದೆ. ಆಮೇಲೆ ತೇರು. ಅದಕ್ಕೆ ಐದು ವಾರ ಹಿಡಿಯಿತು. ಒಂದು ದಿನ ಕುಂದಗೋಳದ ಕಡೆಯ ಹೆಣ್ಣುಮಗಳೊಬ್ಬಳು ಹತ್ತಿರ ಬಂದು ಕುಳಿತು, ‘ಅಕ್ಕಾ, ಈ ಬದಿಗೆ ಒಂದು ಎಳೆ ತಪ್ಪಿದೆ’ ಎಂದಳು. ಅವಳ ಅಜ್ಜಿ ಕಪ್ಪು ಬಣ್ಣದ ಚಂದ್ರಕಾಳಿ ಸೀರೆಗೆ ಕಸೂತಿ ಹಾಕುತ್ತಿದ್ದರಂತೆ. ಅವಳ ಗಂಡನೂ ಒಳಗೇ ಇದ್ದ. ಅಂದಿನಿಂದ ನಾವಿಬ್ಬರೂ ಒಂದೇ ಬೆಂಚಿನವರಾದೆವು.

ಯಜಮಾನರು ಈಗ ಇಲ್ಲ. ಆ ಬಟ್ಟೆ ನನ್ನ ಹತ್ತಿರ ಇದೆ. ಯಾವ ವಾರ ಅವರಿಗೆ ತ್ರಾಸು ಹೆಚ್ಚಾಗಿತ್ತು ಎಂಬುದನ್ನು ಅದರಲ್ಲಿ ಬೆರಳಿಟ್ಟು ತೋರಿಸಬಲ್ಲೆ, ಅಲ್ಲೆಲ್ಲ ಎಳೆ ತಪ್ಪಿವೆ.

ನಿಮ್ಮ ಅವ್ವನವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂದವಾಗಿದ್ದರೆ ಕಸೂತಿ ಬೇಡ. ಒಂದು ಹಿಡಿ ಅರಳೆ, ಚಿಟಿಕೆ ವಿಭೂತಿ ಕೊಡಿ. ದೇವರ ಬತ್ತಿ ಹೊಸೆಯಲಿ. ಅದಕ್ಕೆ ಕಣ್ಣು ಬೇಡ, ಬೆರಳಿಗೇ ಗೊತ್ತಿರುತ್ತದೆ.

ಹಾವೇರಿ ಜಿಲ್ಲೆಯ ಬ್ಯಾಡಗಿಯಿಂದ:

ಅಕ್ಕನವರೇ, ನಾನು ಮೆಣಸಿನಕಾಯಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಆದ್ದರಿಂದ ಲೆಕ್ಕದ ಮಾತೇ ಹೇಳುತ್ತೇನೆ. ಕಾಯುವುದಕ್ಕಿಂತ ಎಷ್ಟು ಕಾಯಬೇಕು ಎಂದು ಗೊತ್ತಿಲ್ಲದಿರುವುದೇ ಹೆಚ್ಚು ಸುಸ್ತು ಮಾಡುತ್ತದೆ. ಕುಳಿತ ಮೊದಲ ಅರ್ಧ ತಾಸಿನಲ್ಲಿ ಎಷ್ಟು ಜನ ಒಳಗೆ ಹೋಗಿ ಬಂದರು ಎಂದು ನೋಡಿ. ಐದು ಜನ ಆದರೆ ತಾಸಿಗೆ ಹತ್ತು. ನಿಮ್ಮ ನಂಬರ್ 34 ಇದ್ದರೆ ಮೂರೂವರೆ ತಾಸು. ಬರೀ ರಿಪೋರ್ಟ್ ತೋರಿಸಲು ನಡುವೆ ಹೋಗುವವರನ್ನೂ ಹಿಡಿದರೆ ನಾಲ್ಕು. ಅಷ್ಟು ತಿಳಿದರೆ ಆ ಹೊತ್ತು ನಿಮ್ಮ ಕೈಗೆ ಬರುತ್ತದೆ. ತಂದೆಯವರನ್ನು ಹೊರಗೆ ಮರದ ನೆರಳಿಗೆ ಕರೆದೊಯ್ದು ಕೂರಿಸುತ್ತೇನೆ.

ಒಂದು ಸಲ ಮಾತ್ರ ಎಡವಿದೆ. ಇಬ್ಬರೂ ಚಹಾಕ್ಕೆ ಹೋದಾಗ ನಮ್ಮ ಹೆಸರು ಕರೆದು, ಚೀಟಿಯನ್ನು ಕಟ್ಟಿನ ಕೊನೆಗೆ ಇಟ್ಟುಬಿಟ್ಟಿದ್ದರು. ಮತ್ತೆ ಎರಡು ತಾಸು. ಆ ದಿನ ತಂದೆಯವರು ಒಂದು ಮಾತೂ ಆಡಲಿಲ್ಲ, ನನಗೆ ಅದೇ ಹೆಚ್ಚು ಚುಚ್ಚಿತು. ಈಗ ತಮ್ಮನನ್ನೂ ಕರೆದೊಯ್ಯುತ್ತೇನೆ, ಅವನು ಬಾಗಿಲು ಬಿಡುವುದಿಲ್ಲ.

ಹುಬ್ಬಳ್ಳಿಯ ವಿದ್ಯಾನಗರದಿಂದ:

ನಾನು ನಿವೃತ್ತ ನರ್ಸ್. ಹೊರರೋಗಿಗಳ ವಿಭಾಗದಲ್ಲಿ ಬಹಳ ವರ್ಷ ಚೀಟಿ ಹಿಡಿದು ಹೆಸರು ಕರೆದಿದ್ದೇನೆ. ಹೊತ್ತು ಕಳೆಯುವ ಮಾತಿಗಿಂತ ಮೊದಲು ಎರಡು ಮಾತು ಹೇಳಲೇಬೇಕು.

ನಿಮ್ಮ ತಾಯಿಯವರು ಸಕ್ಕರೆ ಕಾಯಿಲೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಮಧ್ಯಾಹ್ನ ಒಂದರವರೆಗೆ ಉಪವಾಸ ಕೂರಬಾರದು. ಖಾಲಿ ಹೊಟ್ಟೆಯ ರಕ್ತ ಕೊಟ್ಟ ಕೂಡಲೇ ತಿನ್ನಿಸಿ. ಊಟದ ನಂತರದ ಪರೀಕ್ಷೆಯ ಎರಡು ತಾಸನ್ನು ಮೊದಲ ತುತ್ತಿನಿಂದ ಎಣಿಸಬೇಕು, ಕೈ ತೊಳೆದ ಮೇಲಿನಿಂದ ಅಲ್ಲ. ಬೆವರು, ಕೈ ನಡುಕ, ಕಣ್ಣು ಕತ್ತಲೆ ಬಂದರೆ ರಕ್ತದ ಸಕ್ಕರೆ ಇಳಿದಿದೆ ಎಂದು ತಿಳಿದು ತಕ್ಷಣ ಸಕ್ಕರೆ ನೀರು ಕುಡಿಸಿ ಕೌಂಟರಿನಲ್ಲಿ ಹೇಳಿ. ಆಗ ಪಾಳಿ ನೋಡುತ್ತ ಕೂರಬೇಡಿ. ಮೂತ್ರಪಿಂಡದ ತೊಂದರೆ ಇರುವುದರಿಂದ ಎಳನೀರು, ಬಾಳೆಹಣ್ಣನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು.

ಎರಡನೆಯದು ರಕ್ತದೊತ್ತಡ. ನೋಡುವ ಮೊದಲು ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಕಾಲಿನ ಮೇಲೆ ಕಾಲು ಹಾಕದೆ, ಮಾತಾಡದೆ ಕೂರಬೇಕು. ಅರ್ಧ ತಾಸು ಮೊದಲಿನಿಂದ ಚಹಾ ಬೇಡ. ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಬಂದವರದ್ದು ಏರಿಯೇ ಇರುತ್ತದೆ.

ಇನ್ನು ಹೊತ್ತು. ಮೊದಲ ತಾಸನ್ನು ಒಂದು ಚೀಟಿ ಬರೆಯಲು ಇಟ್ಟುಕೊಳ್ಳಿ. ಒಳಗೆ ಹೋದರೆ ಮೂರು ನಾಲ್ಕು ನಿಮಿಷ ಸಿಕ್ಕರೆ ಹೆಚ್ಚು, ಆಗ ಯಾರಿಗೂ ಎಲ್ಲವೂ ನೆನಪಾಗುವುದಿಲ್ಲ. ತಾಯಿಯ ಪಕ್ಕ ಕುಳಿತು ಸುಮ್ಮನೆ ಮಾತಾಡಿಸುತ್ತ ಬರೆಯಿರಿ: ಬಾವು ಯಾವಾಗಿನಿಂದ, ರಾತ್ರಿ ಎಷ್ಟು ಸಲ ಏಳುತ್ತಾರೆ, ಯಾವ ಗುಳಿಗೆ ಬಿಟ್ಟಿದ್ದಾರೆ. ಮುಖ್ಯವಾಗಿ, ಮೊಣಕಾಲು ನೋವಿಗೆಂದು ಅಂಗಡಿಯಿಂದ ತಾವೇ ತರಿಸಿ ನುಂಗುವ ಗುಳಿಗೆ ಇದೆಯೇ ಎಂದು ಕೇಳಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಇಂಥ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಡಾಕ್ಟರ ಎದುರು ಹಿರಿಯರು ಇದನ್ನು ಹೇಳುವುದಿಲ್ಲ, ಬೆಂಚಿನ ಮೇಲೆ ಮಗಳ ಹತ್ತಿರ ಹೇಳುತ್ತಾರೆ. ನಾನು ಇದನ್ನು ನೂರಾರು ಸಲ ಕಂಡಿದ್ದೇನೆ.

ಹುಬ್ಬಳ್ಳಿಯ ನವನಗರದಿಂದ:

ಕಣ್ಣಿನ ದವಾಖಾನೆಯವರಿಗಾಗಿ ಒಂದು ಮಾತು. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಕೆಲವು ತಾಸು ಹತ್ತಿರದ ಅಕ್ಷರ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಪತ್ರಿಕೆ, ಮೊಬೈಲ್ ಎರಡೂ ಕೆಲಸಕ್ಕೆ ಬರುವುದಿಲ್ಲ. ನಾವು ಗಂಡ ಹೆಂಡತಿ ಮೊಬೈಲಿನಲ್ಲೇ ಧಾರವಾಡ ಆಕಾಶವಾಣಿ ಹಚ್ಚಿ, ಇಯರ್‌ಫೋನಿನ ಒಂದು ತುದಿ ಅವಳಿಗೆ, ಒಂದು ನನಗೆ ಇಟ್ಟುಕೊಂಡು ಕೂರುತ್ತೇವೆ. ಹೆಸರು ಕೇಳಿಸಲು ಇಬ್ಬರಿಗೂ ಒಂದೊಂದು ಕಿವಿ ಉಳಿಯುತ್ತದೆ. 1950ರಲ್ಲಿ ಶುರುವಾದ ಕೇಂದ್ರ ಅದು, ನಮ್ಮಿಬ್ಬರ ಬಾಲ್ಯವೂ ಅದರ ಧ್ವನಿಯಲ್ಲೇ ಕಳೆದದ್ದು. ‘ನಮ್ಮ ಮನೆಯಲ್ಲಿ ರೇಡಿಯೋ ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿತ್ತು’ ಎಂದು ಅವಳು ಶುರು ಮಾಡಿದರೆ ಪಾಳಿ ಬಂದದ್ದೇ ತಿಳಿಯುವುದಿಲ್ಲ.

ಗದಗಿನಿಂದ, ಮತ್ತೆ:

ಎಲ್ಲರಿಗೂ ಕೈಮುಗಿಯುತ್ತೇನೆ. ಮೊನ್ನೆ ಶನಿವಾರ ಹೋಗಿ ಬಂದೆವು. ಅರಳೆ ಕೊಟ್ಟದ್ದೇ ತಡ, ಅವ್ವ ಬಸ್ಸಿನಲ್ಲೇ ಶುರು ಮಾಡಿದಳು. ಅಣ್ಣಿಗೇರಿ ದಾಟುವಷ್ಟರಲ್ಲಿ ಮಡಿಲು ತುಂಬ ಬತ್ತಿ. ದವಾಖಾನೆಯಲ್ಲಿ ಇನ್ನೊಬ್ಬ ಅಜ್ಜಿ ತಾನೂ ಹೊಸೆಯುತ್ತೇನೆಂದು ಅರ್ಧ ಅರಳೆ ಇಸಿದುಕೊಂಡರು. ಇಬ್ಬರೂ ಕಾಯಿಲೆಯ ಮಾತು ಎತ್ತಲಿಲ್ಲ. ಯಾರ ಬತ್ತಿ ಹೆಚ್ಚು ಹೊತ್ತು ಉರಿಯುತ್ತದೆ ಎಂಬುದೇ ಮಾತು.

ಚೀಟಿ ಬರೆಯುವಾಗ ಕೇಳಿದೆ. ಏಳೆಂಟು ತಿಂಗಳಿಂದ ರಾತ್ರಿ ಒಂದು ಮೊಣಕಾಲಿನ ಗುಳಿಗೆ ನುಂಗುತ್ತಿದ್ದಳಂತೆ. ‘ನಿನಗೆ ಯಾಕೆ ಚಿಂತೆ ಎಂದು ಹೇಳಲಿಲ್ಲ’ ಎಂದಳು. ಡಾಕ್ಟರು ಅದನ್ನು ಅಲ್ಲಿಯೇ ನಿಲ್ಲಿಸಿ, ಬೇರೆ ಬರೆದುಕೊಟ್ಟಿದ್ದಾರೆ. ವಿದ್ಯಾನಗರದ ಅಕ್ಕನವರಿಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಮಾಳಮಡ್ಡಿಯ ಅಕ್ಕಾ, ಎಳೆ ಎಣಿಸಲು ಬರುವಂಥ ಬಟ್ಟೆಗೆ ಅಂಗಡಿಯಲ್ಲಿ ಏನೆಂದು ಕೇಳಲಿ? ಅವ್ವನಿಗಲ್ಲ, ನನಗೆ. ತುಳಸಿಕಟ್ಟೆಗೆ ಎಷ್ಟು ಬಟ್ಟೆ ಸಾಕು?